ಗೋಡೆ ತೆಗೆದ ಮೇಲೆ

ಕಂಪ್ಯೂಟರಿನ ಪರದೆಯ ಮೇಲೆ ಏರುತ್ತಲೇ ಇರಬೇಕಾಗಿದ್ದ ಗೆರೆ ಬಾಗಿ ಕೆಳಗಿಳಿಯತೊಡಗಿದಾಗ ಅವಳು ಕುರ್ಚಿ ಬಿಟ್ಟು ಎದ್ದು ನಿಂತಳು. ಆ ಗೆರೆ ಒಂದು ಅಲೆಯ ಎತ್ತರ. ಕಾಂತದ ಹಿಡಿತದಲ್ಲಿರುವ ನಿಗಿನಿಗಿ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಾವೇಶದ ಬಿಸಿ ಅನಿಲದಲ್ಲಿ, ಆ ಅಲೆ ತಾನಾಗಿಯೇ ಬೆಳೆದು ಶಾಖವನ್ನೆಲ್ಲ ಸೋರಿಸುತ್ತದೆ ಎಂಬುದು ಅವಳ ಮೇಷ್ಟ್ರ ಸಿದ್ಧಾಂತ. ಅವರಿಗೆ ಹೆಸರು ತಂದುಕೊಟ್ಟದ್ದೂ ಅದೇ.

"ಏನಮ್ಮಾ ಮಾಡಿದೆ?" ಹಿಂದೆ ನಿಂತಿದ್ದ ಮೇಷ್ಟ್ರ ದನಿ ಗಡುಸಾಗಿತ್ತು.

"ಅಂಚಿನಲ್ಲಿ ನಾವೇ ಹಾಕಿದ್ದ ಗೋಡೆ ತೆಗೆದೆ ಸಾರ್. ನಮ್ಮ ಲೆಕ್ಕದಲ್ಲಿ ಅಲೆ ಗೋಡೆಗೆ ಬಡಿದು ವಾಪಸ್ ಬರ್ತಿತ್ತು, ಅದಕ್ಕೇ ಬೆಳೀತಿತ್ತು. ನಿಜವಾದ ಪ್ಲಾಸ್ಮಾದಲ್ಲಿ ಅಲ್ಲೆಲ್ಲಿದೆ ಗೋಡೆ?"

ಮೇಷ್ಟ್ರು ಮೇಜಿನ ಮೇಲಿದ್ದ ಹಾಳೆಗಳ ಕಟ್ಟನ್ನು ಎರಡೂ ಅಂಗೈ ನಡುವೆ ಇಟ್ಟು ತಿರುವಿದರು. ಕಾಂತರೇಖೆಗಳು ಪದರದಿಂದ ಪದರಕ್ಕೆ ಹೇಗೆ ಓರೆಯಾಗುತ್ತವೆಂದು ತರಗತಿಯಲ್ಲಿ ಅವರು ತೋರಿಸುತ್ತಿದ್ದದ್ದು ಹೀಗೇ. ಒಂದೊಂದು ಹಾಳೆಯೂ ಚೂರುಚೂರೇ ಓರೆಯಾಗಿ ಬೀಸಣಿಗೆಯಂತೆ ಹರಡಿತು. ಆ ಓರೆಯೇ ಅಲೆಯನ್ನು ಹೊರಕ್ಕೆ ಸಾಗಿಸಿ ಅಡಗಿಸುತ್ತದೆಂದು ಅವಳು ಹೇಳಬೇಕಾಗಿರಲಿಲ್ಲ. ಆದರೂ ಮೇಷ್ಟ್ರು ಅಷ್ಟು ಸುಲಭಕ್ಕೆ ಜಗ್ಗುವ ಆಸಾಮಿಯಲ್ಲ. "ಅಲೆಗೆ ಇನ್ನೂ ಬಲ ಕೊಡು," ಎಂದರು. ಕೊಟ್ಟಳು, ಅಲೆ ಸತ್ತಿತು. "ಇನ್ನೂ!" ಮತ್ತೆ ಕೊಟ್ಟಳು. ಮತ್ತೆ ಸತ್ತಿತು.

ಮೇಷ್ಟ್ರು ಹಾಳೆಗಳನ್ನು ಹಾಗೇ ಬಿಟ್ಟು, ಬಾಗಿಲನ್ನು ದಡಾರನೆ ತೆಗೆದು ಹೊರಟೇಹೋದರು. ಅವಳು ಅವರ ಹಿಂದೆಯೇ ಬಾಗಿಲ ತನಕ ಓಡಿದಳು. ಅಷ್ಟರಲ್ಲಿ ಕಾರಿಡಾರಿನ ಉದ್ದಕ್ಕೂ ಅವರ ದನಿ ಮೊಳಗಿತು:

"ಎಲ್ಲಾರೂ ಬನ್ರಯ್ಯಾ ಇಲ್ಲಿ! ನನ್ನ ಸಿದ್ಧಾಂತಾನ ಬುಡಸಮೇತ ಕಿತ್ತು ಹಾಕಿದ್ಲು! ಯಾರ ಶಿಷ್ಯೆ ಅಂದ್ಕೊಂಡ್ರಿ? ನನ್ನ ಶಿಷ್ಯೆ!"