ಬಾಗಿಲಿಗೆ ನೀರು

"ಏಳು ನಿಂಗಮ್ಮ, ಬುಟ್ಟಿ ಎತ್ಕೊ. ಇವತ್ತಿಂದ ಇಲ್ಲಿ ಹೂವ ಮಾರಂಗಿಲ್ಲ."

ಹೋಟೆಲಿನ ಯಜಮಾನ ಶಾಂತಮಲ್ಲಪ್ಪ ಹೀಗೆ ಅಂದಾಗ ಚಿಕ್ಕನಿಂಗಮ್ಮ ಮಲ್ಲಿಗೆ ಬುಟ್ಟಿಗೆ ಹೊದಿಸಿದ್ದ ಗೋಣಿಚೀಲದ ಮೇಲೆ ನೀರು ಚಿಮುಕಿಸುತ್ತಿದ್ದಳು. ಎತ್ತಿದ ಕೈ ಅಲ್ಲೇ ನಿಂತಿತು. ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವ ಟೂರಿಸ್ಟ್ ಬಸ್ಸುಗಳು ತಿಂಡಿಗೆ ನಿಲ್ಲುವುದು ಈ ಹೋಟೆಲಿನ ಮುಂದಿನ ತಾರು ಅಂಗಳದಲ್ಲಿ. ಬಸ್ಸಿಳಿದ ಹೆಂಗಸರು ಸೀರೆ ಕೊಡವಿ ತಲೆ ಎತ್ತುವಾಗ ಮೊದಲು ಕಣ್ಣಿಗೆ ಬೀಳುವುದು ಅವಳ ಬುಟ್ಟಿ. ಇಲ್ಲಿಂದ ಎದ್ದು ಎದುರುಗಡೆ ಕೂತರೆ, ಲಾರಿಗಳು ರೊಯ್ಯನೆ ಓಡುವ ಆ ರಸ್ತೆ ದಾಟಿ ಬಂದು ಹೂ ಕೊಳ್ಳುವವರು ಯಾರು?

"ಯಾಕ್ ಬುದ್ದಿ, ನಾನೇನ್ ಮಾಡ್ದೆ?"

"ನಿನ್ನ ನೀರು ಕಣವ್ವ! ಹೂವಿಗೆ ಚಿಮುಕ್ಸಿ ಚಿಮುಕ್ಸಿ ನನ್ನ ತಾರೆಲ್ಲ ಬಿರಿಸ್ಬುಟ್ಟೆ. ಬೇಕಾದ್ರೆ ಮೇಸ್ತ್ರಿ ಬಾಯಲ್ಲೇ ಕೇಳು."

ದೊರೆಸ್ವಾಮಿ ಮೇಸ್ತ್ರಿ ಅಂಗಳದ ಮಧ್ಯೆ ತಾರು ಕುದಿಸಿಕೊಂಡು, ಮೂತಿ ಇರುವ ಡಬ್ಬದಿಂದ ಒಂದೊಂದೇ ಬಿರುಕಿಗೆ ಸುರಿದು ಮೇಲೆ ಮರಳು ಎರಚುತ್ತಿದ್ದ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚಿಸಿದರೆ ಹಳ್ಳ ಬೀಳುವುದಿಲ್ಲ, ಇಡೀ ಅಂಗಳ ಕಿತ್ತು ಹೊಸದಾಗಿ ಹಾಕಿಸುವ ಗೋಳು ತಪ್ಪುತ್ತದೆ ಎಂದು ಯಜಮಾನನಿಗೆ ಹೇಳಿ ಕೆಲಸ ಹಿಡಿದವನು ಅವನೇ. ತನ್ನ ಹೆಸರು ಕೇಳಿ ಡಬ್ಬ ಕೆಳಗಿಟ್ಟ.

"ನೀರೂ ಒಂದು ಕಾರಣ ಅಂದೆ ಬುದ್ದಿ, ಅದೊಂದೇ ಅನ್ನಿಲ್ಲ. ಬಸ್ಗಳಿಂದ ಡೀಸೆಲ್ ತೊಟ್ಟಿಕ್ತದಲ್ಲ, ಅದು ತಾರನ್ನ ತಿಂದೇ ಹಾಕ್ತದೆ. ಸೋರೋ ಗಾಡಿಗಳ್ನ ಅತ್ಲಾಗೆ ಮಣ್ಣಲ್ಲಿ ನಿಲ್ಸಿ ಅನ್ನಿ."

"ಡ್ರೈವರ್‌ಗಳಿಗೆ ಅಂಗೆಲ್ಲ ಅನ್ನಕ್ಕಾಯ್ತದ್ಲಾ? ಮುನಿಸ್ಕೊಂಡು ಮುಂದ್ಲ ಹೋಟ್ಲಿಗೆ ಓಯ್ತಾರೆ."

"ಅಂಗಾದ್ರೆ ನನಗನ್ಬೋದು," ಅಂದಳು ಚಿಕ್ಕನಿಂಗಮ್ಮ. "ನಾ ಮುನಿಸ್ಕೊಂಡು ಎಲ್ಲಿಗೋಗ್ಲಿ?"

ಬಸ್ಸಿಗೆ ಒರಗಿ ಮುಖ ತೊಳೆಯುತ್ತಿದ್ದ ಡ್ರೈವರೊಬ್ಬ ಬಾಯಿ ಮುಕ್ಕಳಿಸಿದ ನೀರನ್ನು ಪಿಚಕ್ಕನೆ ತಾರಿನ ಮೇಲೆ ಉಗಿದು ನಕ್ಕ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಅವಳು ಬುಟ್ಟಿ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಹಿಂದಿನಿಂದ ಶಾಂತಮಲ್ಲಪ್ಪನ ದನಿ: "ನಾಳೆ ಬಾಗ್ಲಿಗೆ ನೀರಾಕದ ಮರೀಬ್ಯಾಡ ಮತ್ತೆ! ಅದು ಮಾಮೂಲಿನಂಗೇಯ."

ಹೋಟೆಲು ಶುರುವಾದಂದಿನಿಂದ ಕತ್ತಲು ಹರಿಯುವ ಮೊದಲು ಬಂದು ಅಂಗಳ ಗುಡಿಸಿ, ಸಗಣಿ ಕದಡಿದ ನೀರು ಹಾಕಿ, ರಂಗೋಲಿ ಬಿಡುತ್ತಿದ್ದವಳು ಅವಳು. ಅದಕ್ಕೆ ಸಂಬಳವಿಲ್ಲ. "ನಮ್ಮ ಬಾಗ್ಲು ನೀ ನೋಡ್ಕೊ, ನಿನ್ನ ಬುಟ್ಟಿ ಇಲ್ಲೇ ಇರ್ಲಿ" ಎಂದು ಶಾಂತಮಲ್ಲಪ್ಪನ ತಾಯಿ ಬದುಕಿದ್ದಾಗ ಆಡಿದ ಮಾತು ಅದು. ಹೂವಿಗೆ ಚಿಮುಕಿಸುವುದು ಬೊಗಸೆ ನೀರು, ಬಾಗಿಲಿಗೆ ಹಾಕುವುದು ಬಕೆಟ್‌ಗಟ್ಟಲೆ. ಎರಡೂ ಬೀಳುವುದು ಅದೇ ತಾರಿನ ಮೇಲೆ. ಬೊಗಸೆ ನೀರಿಗೆ ತಾರು ಬಿರಿಯಿತಂತೆ! ಅವಳು ತಿರುಗಿ ನೋಡದೆ ರಸ್ತೆ ದಾಟಿದಳು.

ಮಾರನೆ ಬೆಳಿಗ್ಗೆ ಚಿಕ್ಕನಿಂಗಮ್ಮ ಎದುರುಗಡೆ ಹುಣಸೆಮರದ ಬುಡದಲ್ಲಿ, ದೂಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮೊದಲ ಬಸ್ಸು ಬಂದು ಹೋಟೆಲಿನ ಬಾಗಿಲ ಹತ್ತಿರವೇ ನಿಂತಿತು. ಒಳಗೆ ಇಡ್ಲಿ ಬೆಂದು ಆವಿ ಹೊರಗೆ ಬರುತ್ತಿದ್ದರೂ ಒಂದು ತಟ್ಟೆಯೂ ಆಚೆ ಬರಲಿಲ್ಲ. ಬಾಗಿಲಿಗೆ ನೀರು ಬೀಳದೆ ವ್ಯಾಪಾರ ಶುರು ಮಾಡುವ ಧೈರ್ಯ ಶಾಂತಮಲ್ಲಪ್ಪನಿಗಿಲ್ಲ. ಊದುಬತ್ತಿ ಕೈಯಲ್ಲಿ ಹಿಡಿದೇ ಆಚೆ ಬಂದ.

"ಏ ನಿಂಗಮ್ಮ! ಬಾಗ್ಲು ಒಣಗ್ಕೊಂಡು ಬಿದ್ದದೆ, ಕಾಣಾಕಿಲ್ವಾ?"

"ಕಾಣ್ತದೆ ಬುದ್ದಿ. ನನ್ನ ಕೈನೀರು ನಿಮ್ಮ ತಾರಿಗೆ ಆಗಾಕಿಲ್ವಲ್ಲ, ನೀವೇ ಉಯ್ಕಳಿ."

"ಬಾರವ್ವ, ಆಮ್ಯಾಕೆ ಮಾತಾಡನ."

"ಜಾಗ ಕೊಡಿ, ಬತ್ತೀನಿ."

"ನನ್ನ ಅಂಗ್ಳದಲ್ಲಿ ನಂಗೇ ಷರತ್ತು ಹಾಕ್ತೀಯಾ?"

"ಷರತ್ತು ಹಾಕಿದ್ದು ನಿಮ್ಮವ್ವ. ನಾನು ಅದ್ರಂಗೇ ನಡ್ಕೊಂಡಿವ್ನಿ."

"ಯಜಮಾನ್ರೇ," ಒಳಗಿನಿಂದ ಡ್ರೈವರ್ ಕೂಗಿದ, "ಇಡ್ಲಿ ಕೊಡ್ತೀರೋ, ಮುಂದ್ಲ ಹೋಟ್ಲಿಗೋಗನೋ?"

ಶಾಂತಮಲ್ಲಪ್ಪ ಊದುಬತ್ತಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಪಂಚೆ ಎತ್ತಿ ಕಟ್ಟಿ, ತಾನೇ ಬಕೆಟ್ಟು ಹಿಡಿದ. ಕೈಯಲ್ಲಿ ಚಿಮುಕಿಸಿ ಗೊತ್ತಿಲ್ಲದ ಮನುಷ್ಯ, ಇದ್ದಷ್ಟು ನೀರನ್ನೂ ಒಂದೇ ಸಲ ಧೊಪ್ಪನೆ ಸುರಿದ. ನೀರು ನಿನ್ನೆಯಷ್ಟೇ ಮುಚ್ಚಿದ ಬಿರುಕುಗಳ ಮರಳನ್ನು ತೇಲಿಸಿಕೊಂಡು ಬಸ್ಸಿನ ಕೆಳಗೆ ನುಗ್ಗಿ, ಚಕ್ರಕ್ಕೆ ಬಡಿದು, ಡೀಸೆಲ್ ತೊಟ್ಟಿಕ್ಕುತ್ತಿದ್ದ ಜಾಗದಲ್ಲಿ ನಿಂತಿತು. ನಿಂತ ನೀರಿನ ಮೇಲೆ ನೀಲಿ, ಕೆಂಪು, ಹಳದಿ ಬಣ್ಣಗಳು ಒಂದರೊಳಗೊಂದು ಸುತ್ತಿಕೊಳ್ಳುತ್ತ, ಅಗಲವಾಗುತ್ತ, ಶಾಂತಮಲ್ಲಪ್ಪನ ಬರಿಗಾಲನ್ನು ಬಳಸಿಕೊಂಡು ಹೊಸ್ತಿಲವರೆಗೂ ಹರಡಿದವು.

ಅಂದು ಆ ಬಾಗಿಲಿಗೆ ಬಿದ್ದ ರಂಗೋಲಿ ಅದೊಂದೇ.