ಮನುಷ್ಯಳೆಂಬುದಕ್ಕೆ ಸಾಕ್ಷಿ

ಮನೆಯಿಂದ ಮಾಡುವ ಕೆಲಸಗಳಿಗೆ ಯಂತ್ರಗಳೂ ಅರ್ಜಿ ಹಾಕತೊಡಗಿದ ಮೇಲೆ, ‘ಈಕೆ ಮನುಷ್ಯಳು’ ಎಂದು ನೋಟರಿ ಬರೆದುಕೊಡದೆ ಯಾವ ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ. ಆ ಪತ್ರ ಕೊಡಲು ನನಗೆ ಇವತ್ತೇ ಕೊನೆಯ ದಿನ. ಕೋರ್ಟಿನ ಹೊರಗೆ ನೋಟರಿ ಗುರುಶಾಂತಪ್ಪನವರ ಮೇಜಿನ ಮುಂದೆ ನಿಂತಿದ್ದೆ. ಕಣ್ಣಾರೆ ನೋಡಿ ಸೀಲು ಒತ್ತಬೇಕಾದ ಈ ಮಹಾನುಭಾವ ತಲೆ ಎತ್ತಿದ್ದನ್ನು ಕಂಡವರಿಲ್ಲ.

“ಸರ್, ಒಂದ್ಸಲ ನನ್ನ ಮುಖ ನೋಡಿ.”

“ಮುಖ ತಗೊಂಡು ಏನ್ ಮಾಡ್ಲಮ್ಮ? ನೀನು ಮನುಷ್ಯಳು ಅಂತ ಯಾರಾದ್ರೂ ಒಬ್ರು ಸಾಕ್ಷಿ ಹಾಕ್ಬೇಕು.”

ನನ್ನ ಹಿಂದೆ ಸಾಲಿನಲ್ಲಿದ್ದ ಯಂತ್ರ ತನ್ನ ತಗಡಿನ ಕೈ ಚಾಚಿ ಪೆನ್ನು ಎತ್ತಿಕೊಂಡಿತು.

“ನಾನು ಹಾಕ್ತೀನಿ ಬಿಡಿ, ಮೇಡಂ. ಹೋದ ವಾರ ಸಾಹೇಬ್ರು ನನ್ನನ್ನೂ ಮನುಷ್ಯ ಅಂತ ಬರ್ಕೊಟ್ಟಿದ್ದಾರೆ.”

ಅದು ಸಹಿ ಹಾಕಿತು. ಗುರುಶಾಂತಪ್ಪನವರು ತಲೆ ಎತ್ತದೆಯೇ ಸೀಲು ಒತ್ತಿದರು.

“ನೋಡಮ್ಮ, ಮನುಷ್ಯರು ಅಂದ್ರೆ ಹೀಗಿರ್ಬೇಕು.”