ನಲವತ್ತು ದಿನದ ನಾಯಿ

"ಏನೋ ಇದು?" ಎಂದರು ತಾತ್ಯಾಸಾಹೇಬರು, ಚಿತ್ರವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು.

"ಮುಧೋಳ ನಾಯಿ ರೀ," ಎಂದ ದಶರಥ.

ತಾತ್ಯಾಸಾಹೇಬರು ಬನಹಟ್ಟಿಯ ಸೀರೆ ವ್ಯಾಪಾರಿ. ಸೀರೆಗಳ ಮೇಲೆ ಅಂಟಿಸಲು ಅವರಿಗೊಂದು ಚಿತ್ರದ ಚೀಟಿ ಬೇಕಾಗಿತ್ತು. ಆಗಿನ ಸಂಸ್ಥಾನದ ಹಳ್ಳಿಗಳಲ್ಲಿ ಅಕ್ಷರ ಓದಿ ಸೀರೆ ಕೊಳ್ಳುವ ಹೆಂಗಸರು ಎಷ್ಟು ಮಂದಿ? ಆನೆ ಛಾಪ ಕೊಡಿ, ನವಿಲು ಛಾಪ ಕೊಡಿ ಎಂದೇ ಕೇಳುತ್ತಾರೆ. ಆನೆಯನ್ನೂ ನವಿಲನ್ನೂ ಬೇರೆ ಅಂಗಡಿಯವರು ಮೊದಲೇ ಹೊಡೆದುಕೊಂಡಿದ್ದರು. ಹಿಡಿದದ್ದನ್ನು ಬಿಡದ ನಾಯಿ, ಹಾಕಿದ ಬಣ್ಣ ಬಿಡದ ಸೀರೆ ಎಂದು ತಾತ್ಯಾಸಾಹೇಬರು ತಮ್ಮಷ್ಟಕ್ಕೆ ಲೆಕ್ಕ ಹಾಕಿ ಮುಧೋಳ ನಾಯಿಯನ್ನು ಆರಿಸಿದ್ದರು. ಹೆಂಗಸರನ್ನು ಕೇಳಿರಲಿಲ್ಲ.

ದಶರಥ ನೇಕಾರ ಕಾಮಣ್ಣನ ಮಗ. ಮಗ್ಗ ಬಿಟ್ಟು ಕೊಲ್ಹಾಪುರಕ್ಕೆ ಹೋಗಿ, ನಲವತ್ತು ದಿನದಲ್ಲಿ ಚಿತ್ರಗಾರನನ್ನು ಮಾಡಿ ಕಳಿಸುವ ಒಬ್ಬ ಮಾಸ್ತರರ ಹತ್ತಿರ ಕಲಿತು, ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿಕೊಂಡು ಬಂದಿದ್ದ. ಅಲ್ಪವಿದ್ಯೆಗೆ ಗರ್ವ ಜಾಸ್ತಿ ಎನ್ನುತ್ತಾರೆ. ಅದನ್ನೂ ಆ ನಲವತ್ತು ದಿನದಲ್ಲೇ ಕಲಿಸಿ ಕಳಿಸಿದ್ದರು. ಕಾಮಣ್ಣ ಮಾತ್ರ ಕರಗಿರಲಿಲ್ಲ. "ತಾತ್ಯಾಸಾಹೇಬ್ರು ಹೂಂ ಅಂದ್ರ ನೀ ಚಿತ್ರಗಾರ. ಊಂಹೂಂ ಅಂದ್ರ ನಾಳೆ ಮುಂಜಾನಿ ಮಗ್ಗದ ಕುಣಿಗೆ ಇಳಿ," ಎಂದು ಕಡ್ಡಿ ಮುರಿದಂತೆ ಹೇಳಿದ್ದ. ದಿನವಿಡೀ ಕಾಲು ಇಳಿಬಿಟ್ಟು ಕೂತು ನೇಯುವ ಆ ಕುಣಿಯನ್ನು ನೆನೆದರೇ ದಶರಥನ ಕಾಲು ಜೋಮು ಹಿಡಿಯುತ್ತಿತ್ತು.

"ಟೊಂಕದ ಎಲುಬು ಎದ್ದು ಕಾಣಬೇಕಲೇ, ಅಂದ್ರ ಅದು ಮುಧೋಳ ನಾಯಿ. ಎಲ್ಲಿ ಎಲುಬು?" ಎಂದರು ತಾತ್ಯಾಸಾಹೇಬರು.

"ಸೊರಗಿದ ನಾಯಿ ತಗದ್ರ ನಿಮ್ಮ ಅಂಗಡಿ ಹೆಸರ ಕೆಡತೈತಂತ ಒಂದೀಟು ಮೈ ತುಂಬಿಸೇನ್ರಿ."

"ಒಂದೀಟು! ಮತ್ತ ಪಂಜಾ?"

"ಹುಲ್ಲಿನಾಗ ಮುಚ್ಚ್ಯಾವ್ರಿ."

ನಿಜವೆಂದರೆ ದಶರಥನಿಗೆ ಪಂಜ ಬರೆಯಲು ಬರುತ್ತಿರಲಿಲ್ಲ. ಮೊದಲ ಹತ್ತು ದಿನ ಗೆರೆ, ಆಮೇಲೆ ಹೂದಾನಿ, ಆಮೇಲೆ ಹಣ್ಣಿನ ಬುಟ್ಟಿ. ನಾಲ್ಕು ಕಾಲಿನ ಪ್ರಾಣಿಗಳನ್ನೆಲ್ಲ ಮಾಸ್ತರರು ಕೊನೆಯ ದಿನ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದರು: ನಡುವೆ ಒಂದು ಡೋಲು, ಕೆಳಗೆ ನಾಲ್ಕು ಕಂಬ, ಮುಂದೊಂದು ಮುಖ. ಆ ಡೋಲಿನೊಳಗಿಂದ ನಾಯಿಯನ್ನು ಹೊರಗೆ ತೆಗೆಯುವುದು ಹೇಗೆಂದು ಹೇಳುವ ಹೊತ್ತಿಗೆ ಪ್ರಮಾಣಪತ್ರ ಹಂಚುವ ವೇಳೆಯಾಗಿತ್ತು.

ತಾತ್ಯಾಸಾಹೇಬರು ಚಿತ್ರವನ್ನು ಅವನ ಕಡೆ ತಳ್ಳಿದರು. "ನಿಮ್ಮಪ್ಪಗ ಹೇಳು..." ಎಂದು ಬಾಯಿ ತೆರೆಯುವಷ್ಟರಲ್ಲಿ ಚಿಮ್ಮಡದ ಸಾತವ್ವ ಒಳಗೆ ಬಂದಳು. ಕುರಿ ಸಾಕುವ ಮನೆಯವಳು. ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಬೇಕಾಗಿತ್ತು. ಕೂಡುವ ಮೊದಲೇ ಅವಳ ಕಣ್ಣು ಚಿತ್ರದ ಮೇಲೆ ಬಿತ್ತು.

"ಅಯ್ಯ, ಎಷ್ಟ ಛಂದ ಐತ್ರೀ ಆಕಳ ಕರಾ!"

"ಯವ್ವಾ, ಅದು..." ಎಂದ ದಶರಥನ ಕಾಲನ್ನು ತಾತ್ಯಾಸಾಹೇಬರು ಗಟ್ಟಿಯಾಗಿ ತುಳಿದರು.

"ಹುಲ್ಲಾಗ ನಿಂತೈತಿ, ಮೈ ಕೈ ತುಂಬೈತಿ. ಬಸರ ಹೆಣಮಗಳ ಕಣ್ಣಿಗೆ ಇಂಥಾದ ಬೀಳಬೇಕ್ರಿ. ಈ ಕರದ ಛಾಪಿಂದ ಸೀರಿ ಕೊಡ್ರಿ ನಂಗ."

"ಅಲ್ಲ ಸಾತವ್ವಾ," ತಾತ್ಯಾಸಾಹೇಬರು ಮೆಲ್ಲಗೆ ಕೇಳಿದರು, "ಕರದ ಬದಲಿ ನಾಯಿ ಛಾಪ ಹಾಕಿದ್ರ?"

"ನಾಯೀ? ನಮ್ಮ ದೊಡ್ಡ್ಯಾಗ ನಾಕ ಮುಧೋಳ ನಾಯಿ ಅದಾವ್ರಿ, ಮಕ್ಕಳಂಗ ಸಾಕೇನಿ. ಹಂಗಂತ ಮಗಳ ಕುಬಸಕ್ಕ ನಾಯಿ ಉಡಸಲೇನ್ರಿ?"

ತಾತ್ಯಾಸಾಹೇಬರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ಸಾಂಗ್ಲಿಯ ಛಾಪಖಾನೆಗೆ ಎರಡು ಸಾವಿರ ನಾಯಿ ಹೇಳಿ ಕಳಿಸಲು ಅವರು ಆಗಲೇ ಕಾಗದ ಬರೆದಿಟ್ಟಿದ್ದರು. ಕರದ ಚೀಟಿ ಇನ್ನೂ ಅಚ್ಚಾಗಿಲ್ಲವೆಂದರೂ ಸಾತವ್ವ ಒಂದರ ಬದಲು ಎರಡು ಸೀರೆ ಆರಿಸಿದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು ಇನ್ನೊಮ್ಮೆ ಚಿತ್ರದ ಕಡೆ ತಿರುಗಿದಳು. "ಒಂದ ಮಾತ್ರಿ. ಪಾಪ, ಕರಾ ಒಂದ ಐತಿ. ಬಾಜೂಕ ತಾಯಿನ್ನೂ ನಿಂದ್ರಸ್ರಿ."

ಅವಳು ಬೀದಿ ದಾಟಿದ ಮೇಲೆ ದಶರಥ ತುಳಿಸಿಕೊಂಡ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಕುಣಿ ತಪ್ಪಿತೆಂಬ ಖುಷಿ ಒಂದು ಕಡೆ, ನಾಯಿ ಕರುವಾದ ಅವಮಾನ ಇನ್ನೊಂದು ಕಡೆ.

"ಸಾವಕಾರ್ರ, ದೇವರಾಣಿ ಅದು ನಾಯೀನ ರೀ!"

"ನಂಗ ಅಂದಿದ್ದು ಆತು. ಊರಾಗ ಯಾರ ಮುಂದೂ ಅನಬ್ಯಾಡ," ಎಂದರು ತಾತ್ಯಾಸಾಹೇಬರು, ಚಿತ್ರವನ್ನು ಜೋಪಾನವಾಗಿ ಗಾದಿಯ ಕೆಳಗೆ ಇಡುತ್ತ. "ಇವತ್ತಿಂದ ನೀ ನಮ್ಮ ಅಂಗಡಿ ಚಿತ್ರಗಾರ. ನಾಳೆ ಸಂಜೀಕ ಇದರ ಮಗ್ಗಲ ನಿಂದ್ರಸಾಕ ಒಂದು ಆಕಳಾ ತಕ್ಕೊಂಡ ಬಾ."

ದಶರಥ ತಲೆ ತಗ್ಗಿಸಿದ. "ಆಕಳಾ ತಗಿಯೂದು ನಮಗ ಕಲಿಸಿಲ್ರಿ."

"ಕಲಿಸದಿದ್ರ ಏನಾತಲೇ?" ಎಂದರು ತಾತ್ಯಾಸಾಹೇಬರು. "ಇದಕಿಂತ ದೊಡ್ಡದೊಂದು ನಾಯಿ ತಗಿ."